ಕ್ಲಿನಿಕಲ್ ಟ್ರಯಲ್‌ಗೆ ಸೇರುವ ಮುನ್ನ: ಮಧುಮೇಹ ಮತ್ತು ಹಾರ್ಮೋನ್ ತೊಂದರೆ ಇರುವವರಿಗೆ ಒಂದು ಮಾರ್ಗದರ್ಶಿ

ಮಧುಮೇಹಕ್ಕೋ ಥೈರಾಯ್ಡ್ ತೊಂದರೆಗೋ ಬಹುಕಾಲದಿಂದ ಚಿಕಿತ್ಸೆ ಪಡೆಯುತ್ತಿರುವವರಿಗೆ ಒಂದು ದಿನ ವೈದ್ಯರು, ‘ಹೊಸ ಔಷಧವೊಂದರ ಅಧ್ಯಯನ ನಡೆಯುತ್ತಿದೆ, ಬೇಕಿದ್ದರೆ ನೀವೂ ಸೇರಬಹುದು’ ಎಂದು ಹೇಳುವುದುಂಟು. ಆ ಮಾತು ಕಿವಿಗೆ ಬಿದ್ದ ಕೂಡಲೇ ಕೆಲವರಿಗೆ ತಮ್ಮ ಮೇಲೆ ಪ್ರಯೋಗ ಮಾಡುತ್ತಾರೆಂಬ ಅಂಜಿಕೆ ಹುಟ್ಟುತ್ತದೆ. ಇನ್ನು ಕೆಲವರಿಗೆ ಯಾರಿಗೂ ಸಿಗದ ಔಷಧ ತಮಗೆ ಮೊದಲು ಸಿಗುತ್ತದೆಂಬ ಆಸೆ ಹುಟ್ಟುತ್ತದೆ. ಅಂಜಿಕೆಯವರಿಗಿಂತ ಆಸೆಯವರೇ ಹೆಚ್ಚು ಎಡವುತ್ತಾರೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಂಜಿದವರು ಪ್ರಶ್ನೆ ಕೇಳುತ್ತಾರೆ, ಆಸೆಪಟ್ಟವರು ಸಹಿ ಹಾಕುತ್ತಾರೆ.

ಚಿಕಿತ್ಸೆ ಮತ್ತು ಸಂಶೋಧನೆ ಒಂದೇ ಕೋಣೆಯಲ್ಲಿ, ಒಮ್ಮೊಮ್ಮೆ ಒಬ್ಬರೇ ವೈದ್ಯರ ಕೈಯಲ್ಲಿ ನಡೆದರೂ ಅವುಗಳ ಗುರಿ ಬೇರೆ ಬೇರೆ. ಚಿಕಿತ್ಸೆಯಲ್ಲಿ ವೈದ್ಯರು ನಿಮ್ಮ ಸ್ಥಿತಿ ನೋಡಿ ಔಷಧದ ಪ್ರಮಾಣ ಏರಿಸುತ್ತಾರೆ, ಇಳಿಸುತ್ತಾರೆ, ಒಗ್ಗದಿದ್ದರೆ ಬದಲಿಸುತ್ತಾರೆ. ಸಂಶೋಧನೆಯಲ್ಲಿ ಯಾರಿಗೆ ಯಾವ ಔಷಧ, ಎಷ್ಟು, ಯಾವಾಗ ಪರೀಕ್ಷೆ ಎಂಬುದನ್ನೆಲ್ಲ ಮೊದಲೇ ಬರೆದಿಟ್ಟಿರುತ್ತಾರೆ. ಆ ಬರಹಕ್ಕೆ ಪ್ರೋಟೊಕಾಲ್ ಎನ್ನುತ್ತಾರೆ. ಅದರ ಗುರಿ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು, ಮತ್ತು ಆ ಉತ್ತರದ ಫಲ ಮುಂದೆ ಬರುವ ಲಕ್ಷಾಂತರ ರೋಗಿಗಳಿಗೆ ಸಲ್ಲುತ್ತದೆ. ನಿಮಗೂ ಅದರಿಂದ ಒಳಿತಾಗಬಹುದು, ಆಗದೆಯೂ ಇರಬಹುದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಸೇರುವವರು ಸಂಶೋಧನೆಯ ಭೇಟಿಯನ್ನೂ ತಮ್ಮ ನಿತ್ಯದ ಚಿಕಿತ್ಸೆಯನ್ನೂ ಎರಡು ಪ್ರತ್ಯೇಕ ಲೆಕ್ಕಗಳಾಗಿ ನಡೆಸುತ್ತಾರೆ. ಹಾಗೆ ನಡೆಸುವುದು ಹೇಗೆಂಬುದನ್ನು ಮುಂದಿನ ಹಂತಗಳು ಹೇಳುತ್ತವೆ.

1. ನಿಮ್ಮ ಈಗಿನ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ

ಅಧ್ಯಯನದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವ ಮುನ್ನ ಮಾಡಬೇಕಾದ ಕೆಲಸ ಇದು. ಕಾಯಿಲೆ ಪತ್ತೆಯಾದ ವರ್ಷ, ಕಳೆದ ಎರಡು ಮೂರು ಬಾರಿಯ ಎಚ್‌ಬಿಎ1ಸಿ, ರಕ್ತದೊತ್ತಡ, ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್, ಮೂತ್ರದಲ್ಲಿ ಹೋಗುವ ಪ್ರೋಟೀನಾದ ಆಲ್ಬುಮಿನ್‌ನ ಪ್ರಮಾಣ, ಕಣ್ಣಿನ ಅಕ್ಷಿಪಟಲದ ತಪಾಸಣೆ ನಡೆದ ದಿನ, ಥೈರಾಯ್ಡ್ ತೊಂದರೆಯಿದ್ದರೆ ಆ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್, ಹಿಂದೆ ಸಕ್ಕರೆ ತೀರ ಕುಸಿದು ಬೇರೆಯವರ ನೆರವು ಬೇಕಾದ ಸಂದರ್ಭಗಳು, ಈಗ ಸೇವಿಸುತ್ತಿರುವ ಪ್ರತಿಯೊಂದು ಔಷಧದ ಹೆಸರು ಮತ್ತು ಪ್ರಮಾಣ: ಇಷ್ಟಿದ್ದರೆ ಸಾಕು.

ಔಷಧಗಳ ಪಟ್ಟಿಯಲ್ಲಿ ಜನ ಬಿಟ್ಟುಬಿಡುವುದು ತಾವು ಔಷಧವೆಂದೇ ಎಣಿಸದ ಮಾತ್ರೆಗಳನ್ನು. ಕೂದಲು ಮತ್ತು ಉಗುರುಗಳಿಗೆಂದು ತೆಗೆದುಕೊಳ್ಳುವ ಬಯೋಟಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಹೆಚ್ಚಿನ ಪ್ರಮಾಣದ ಬಯೋಟಿನ್ ರಕ್ತದಲ್ಲಿದ್ದರೆ ಹಲವು ಪ್ರಯೋಗಾಲಯಗಳ ವಿಧಾನದಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿಯೂ ಥೈರಾಯ್ಡ್ ಹಾರ್ಮೋನ್ ಇರುವುದಕ್ಕಿಂತ ಹೆಚ್ಚಾಗಿಯೂ ಕಾಣಿಸುತ್ತದೆ; ಆರೋಗ್ಯವಾಗಿರುವ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆಯೆಂದು ವರದಿ ಹೇಳಿಬಿಡುತ್ತದೆ. ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ಅದನ್ನು ನಿಲ್ಲಿಸಬೇಕು. ಎಚ್‌ಬಿಎ1ಸಿ ಕೂಡ ಯಾವಾಗಲೂ ನೇರವಾಗಿ ಮಾತಾಡುವುದಿಲ್ಲ. ಅದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯ ಅಳತೆಯಾದ್ದರಿಂದ ಕಳೆದ 2–3 ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆಯಿದ್ದರೆ ಸುಳ್ಳಾಗಿ ಏರಬಹುದು, ಇತ್ತೀಚೆಗೆ ರಕ್ತ ಕಳೆದುಕೊಂಡಿದ್ದರೆ ಅಥವಾ ಕಣಗಳು ಬೇಗ ನಾಶವಾಗುತ್ತಿದ್ದರೆ ಸುಳ್ಳಾಗಿ ಇಳಿಯಬಹುದು. ಅಧ್ಯಯನಕ್ಕೆ ನಿಮ್ಮನ್ನು ಸೇರಿಸಬೇಕೇ ಬೇಡವೇ ಎಂಬುದು ಹಲವು ಬಾರಿ ಈ ಒಂದು ಅಂಕಿಯ ಮೇಲೆ ನಿಂತಿರುವುದರಿಂದ ರಕ್ತಹೀನತೆಯ ವಿಷಯವನ್ನು ಮುಚ್ಚಿಡಬೇಡಿ.

2. ಅಧ್ಯಯನ ಏನನ್ನು ಅಳೆಯುತ್ತದೆ ಎಂದು ಕೇಳಿ

ಇದು ಯಾವ ಹಂತದ ಟ್ರಯಲ್ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಮೊದಲ ಹಂತದಲ್ಲಿ ಕೆಲವೇ ಜನರಲ್ಲಿ, ಹೆಚ್ಚಾಗಿ ಆರೋಗ್ಯವಂತರಲ್ಲಿ, ಔಷಧ ಸುರಕ್ಷಿತವೇ ಎಂದು ನೋಡುತ್ತಾರೆ; ಎರಡನೆಯದರಲ್ಲಿ ಸರಿಯಾದ ಪ್ರಮಾಣ ಹುಡುಕುತ್ತಾರೆ; ಮೂರನೆಯದರಲ್ಲಿ ನೂರಾರು, ಸಾವಿರಾರು ರೋಗಿಗಳಲ್ಲಿ ಹೋಲಿಸಿ ನೋಡುತ್ತಾರೆ; ಔಷಧ ಮಾರುಕಟ್ಟೆಗೆ ಬಂದ ಮೇಲಿನ ನಿಗಾ ನಾಲ್ಕನೆಯದು. ಹಂತ ಹಿಂದಿನದಾದಷ್ಟೂ ಗೊತ್ತಿರದ ಸಂಗತಿಗಳು ಹೆಚ್ಚು.

ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಅಧ್ಯಯನ ರಕ್ತದ ಒಂದು ಅಂಕಿಯನ್ನು ಅಳೆಯುತ್ತದೆಯೋ, ಅಥವಾ ಹೃದಯಾಘಾತ, ಮೂತ್ರಪಿಂಡದ ವೈಫಲ್ಯ, ದೃಷ್ಟಿನಾಶ, ಸಾವು ಇಂಥ ರೋಗಿಯ ಬದುಕಿಗೆ ತಟ್ಟುವ ಸಂಗತಿಗಳನ್ನು ಅಳೆಯುತ್ತದೆಯೋ? ಎರಡರ ನಡುವೆ ಎಷ್ಟು ಅಂತರವಿರಬಹುದೆಂಬುದನ್ನು ಮಧುಮೇಹದ ಸಂಶೋಧನೆಯೇ ಕಲಿಸಿದೆ. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಟೈಪ್ 1 ಮಧುಮೇಹದ 1,441 ಜನರಲ್ಲಿ ನಡೆದ ಡಿಸಿಸಿಟಿ ಅಧ್ಯಯನದಲ್ಲಿ ಒಂದು ಗುಂಪು ಎಚ್‌ಬಿಎ1ಸಿಯನ್ನು ಶೇ 7ರ ಆಸುಪಾಸಿನಲ್ಲೂ ಇನ್ನೊಂದು ಗುಂಪು ಶೇ 9ರ ಆಸುಪಾಸಿನಲ್ಲೂ ಇಟ್ಟುಕೊಂಡಿತ್ತು. ಆರಂಭದಲ್ಲಿ ಕಣ್ಣಿಗೆ ಯಾವ ಹಾನಿಯೂ ಆಗಿರದವರಲ್ಲಿ ಅಕ್ಷಿಪಟಲದ ಕಾಯಿಲೆ ಹುಟ್ಟುವ ಅಪಾಯ ಮೊದಲ ಗುಂಪಿನಲ್ಲಿ ಶೇ 76ರಷ್ಟು ಕಡಿಮೆಯಾಯಿತು. ಅದಕ್ಕೆ ತೆತ್ತ ಬೆಲೆಯೂ ಇತ್ತು: ಸಕ್ಕರೆ ತೀವ್ರವಾಗಿ ಕುಸಿಯುವ ಘಟನೆಗಳು ಸುಮಾರು ಮೂರು ಪಟ್ಟಾದವು. ಆದರೂ ಬಿಗಿ ಹಿಡಿತ ಒಳ್ಳೆಯದು ಎಂಬುದು ಸ್ಥಿರವಾಯಿತು.

ಹಾಗಿದ್ದರೆ ಇನ್ನೂ ಬಿಗಿ ಹಿಡಿತ ಇನ್ನೂ ಒಳ್ಳೆಯದಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ಅಕಾರ್ಡ್ ಅಧ್ಯಯನದಲ್ಲಿ ಟೈಪ್ 2 ಮಧುಮೇಹವಿದ್ದು ಹೃದಯದ ಅಪಾಯವೂ ಹೆಚ್ಚಿದ್ದ 10,251 ಜನರಿದ್ದರು. ಒಂದು ಗುಂಪಿಗೆ ಎಚ್‌ಬಿಎ1ಸಿ ಶೇ 6ಕ್ಕಿಂತ ಕೆಳಗಿರಬೇಕೆಂಬ ಗುರಿ, ಇನ್ನೊಂದಕ್ಕೆ ಶೇ 7ರಿಂದ 7.9ರ ಗುರಿ. ಅಂಕಿಯ ಮಟ್ಟಿಗೆ ಬಿಗಿ ಗುಂಪೇ ಗೆದ್ದಿತು. ಆದರೆ ಸುಮಾರು 3.5 ವರ್ಷದಲ್ಲಿ ಆ ಗುಂಪಿನಲ್ಲಿ 257 ಜನ ಸತ್ತಿದ್ದರು, ಇನ್ನೊಂದರಲ್ಲಿ 203 ಜನ. 2008ರ ಫೆಬ್ರುವರಿಯಲ್ಲಿ ಆ ಬಿಗಿ ಚಿಕಿತ್ಸೆಯನ್ನು ನಿಲ್ಲಿಸಲಾಯಿತು. ಎಚ್‌ಬಿಎ1ಸಿಯನ್ನಷ್ಟೇ ಅಳೆದಿದ್ದರೆ ಅದೇ ಚಿಕಿತ್ಸೆ ಯಶಸ್ವಿ ಎನಿಸಿಕೊಳ್ಳುತ್ತಿತ್ತು. ವಯಸ್ಸಾದ, ಹೃದ್ರೋಗವಿರುವ ರೋಗಿಗೆ ವೈದ್ಯರು ಇಂದು ತುಸು ಸಡಿಲವಾದ ಗುರಿ ಇಡುತ್ತಿದ್ದರೆ ಅದರ ಹಿಂದೆ ಈ ಅನುಭವವಿದೆ. ಅದನ್ನು ಅಲಕ್ಷ್ಯವೆಂದು ಭಾವಿಸಬೇಕಿಲ್ಲ.

ಅಧ್ಯಯನದ ಮುಖ್ಯ ಅಳತೆ ಯಾವುದೆಂಬುದನ್ನು ನೀವೇ ನೋಡಿಕೊಳ್ಳಲೂಬಹುದು. ಟ್ರಯಲ್‌ಗಳನ್ನು ಮೊದಲ ರೋಗಿ ಸೇರುವ ಮುನ್ನವೇ ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸುವುದು ಈಗಿನ ರೂಢಿ. ಹಾಗೆ ದಾಖಲಾಗದ ಅಧ್ಯಯನಗಳನ್ನು ಪ್ರಕಟಿಸುವುದಿಲ್ಲವೆಂದು ಪ್ರಮುಖ ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರು 2005ರಿಂದ ಪಟ್ಟುಹಿಡಿದಿದ್ದಾರೆ. ನೋಂದಣಿ ಸಂಖ್ಯೆ ಕೊಡಿ ಎಂದು ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ನಿಲ್ಲಿ.

3. ನಿಮ್ಮಂಥವರು ಅದರಲ್ಲಿ ಇದ್ದಾರೆಯೇ?

ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ ಎಂಬ ಪಟ್ಟಿಯನ್ನು ರೋಗಿಗಳು ಸಾಮಾನ್ಯವಾಗಿ ಅರ್ಹತೆಯ ಪರೀಕ್ಷೆಯಂತೆ ಓದುತ್ತಾರೆ, ತೇರ್ಗಡೆಯಾಗಬೇಕೆಂದು ಹಂಬಲಿಸುತ್ತಾರೆ. ಆ ಪಟ್ಟಿ ಇರುವುದು ಮುಖ್ಯವಾಗಿ ನಿಮ್ಮ ರಕ್ಷಣೆಗೆ. ಮೂತ್ರಪಿಂಡ ದುರ್ಬಲವಾಗಿರುವವರನ್ನು, ಗರ್ಭಿಣಿಯರನ್ನು, ಇತ್ತೀಚೆಗೆ ಹೃದಯಾಘಾತವಾದವರನ್ನು ಹೊರಗಿಡಲು ಕಾರಣಗಳಿರುತ್ತವೆ. ಹೇಗಾದರೂ ಒಳಗೆ ಬರಬೇಕೆಂದು ಹಳೆಯ ಕಾಯಿಲೆಯನ್ನು ಹೇಳದೆ ಉಳಿದರೆ ಕೆಡುಕಾಗುವುದು ಮೊದಲು ನಿಮಗೆ.

ಇದೇ ಪಟ್ಟಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: ಫಲಿತಾಂಶ ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು. ಮುಟ್ಟು ನಿಂತ ಮಹಿಳೆಯರಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಜೋಡಿಯನ್ನು ಕೊಟ್ಟು ನೋಡಿದ ಅಮೆರಿಕದ ದೊಡ್ಡ ಅಧ್ಯಯನವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಅದರಲ್ಲಿದ್ದ 16,608 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಮಂದಿಗೆ 30 ಇದ್ದದ್ದು ಹಾರ್ಮೋನ್ ಪಡೆದವರಲ್ಲಿ 38 ಆಗಿತ್ತು. ಹೃದಯ ಮತ್ತು ಪಾರ್ಶ್ವವಾಯುವಿನ ತೊಂದರೆಗಳೂ ಹೆಚ್ಚಿದ್ದವು. ಸುದ್ದಿ ಹಬ್ಬಿದ ಮೇಲೆ ಐವತ್ತರ ಆಸುಪಾಸಿನಲ್ಲಿ ಬಿಸಿಯ ಅಲೆ ಮತ್ತು ನಿದ್ರಾಹೀನತೆಯಿಂದ ಬಳಲುತ್ತಿದ್ದ ಎಷ್ಟೋ ಮಹಿಳೆಯರು ಔಷಧ ಬಿಟ್ಟರು. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದನ್ನು ಆಗ ಗಮನಿಸಿದವರು ಕಡಿಮೆ.

4. ಒಪ್ಪಿಗೆ ಪತ್ರವನ್ನು ಮನೆಗೆ ಒಯ್ದು ಓದಿ

ವೈದ್ಯಕೀಯ ಸಂಶೋಧನೆಯ ನೀತಿಯನ್ನು ಬರೆದಿಟ್ಟ ಹೆಲ್ಸಿಂಕಿ ಘೋಷಣೆ 1964ರದು. ರೋಗಿಯ ಒಳಿತು ಸಂಶೋಧನೆಯ ಹಿತಕ್ಕಿಂತ ಮೇಲು, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಯಾರನ್ನೂ ಸೇರಿಸಬಾರದು ಎಂಬುದು ಅದರ ತಿರುಳು. ಒಪ್ಪಿಗೆ ಪತ್ರವನ್ನು ನಿಮಗೆ ಓದಲು ಬರುವ ಭಾಷೆಯಲ್ಲಿ ಕೊಡಬೇಕು, ಯೋಚಿಸಲು ಸಮಯ ಕೊಡಬೇಕು, ಸಹಿ ಹಾಕಿದ ಮೇಲೆ ಒಂದು ಪ್ರತಿ ನಿಮ್ಮ ಬಳಿ ಇರಬೇಕು. ಸಹಿ ಹಾಕಿದ ಮಾತ್ರಕ್ಕೆ ನೀವು ಕಟ್ಟುಬೀಳುವುದಿಲ್ಲ. ಯಾವಾಗ ಬೇಕಾದರೂ, ಕಾರಣ ಹೇಳದೆಯೂ, ಹೊರಬರಬಹುದು, ಮತ್ತು ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಕುಂದುಂಟಾಗಬಾರದು.

ಪತ್ರ ಉದ್ದವಾಗಿರುತ್ತದೆ. ಎಲ್ಲವನ್ನೂ ಒಂದೇ ಗಮನದಿಂದ ಓದಲು ಆಗದಿದ್ದರೆ ಕೆಲವು ಕಡೆಗಳಲ್ಲಿ ಮಾತ್ರ ನಿಧಾನಿಸಿ. ಯಾವ ಗುಂಪಿಗೆ ಸೇರುತ್ತೀರೆಂಬುದನ್ನು ಸಾಮಾನ್ಯವಾಗಿ ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತದೆ. ನಿಮಗೆ ಹೊಸ ಔಷಧ ಸಿಗುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಹೋಲಿಕೆಗೆ ಬಳಸುವ ಪ್ಲಸೀಬೊ, ಅಂದರೆ ಔಷಧದಂತೆ ಕಾಣುವ ಆದರೆ ಔಷಧವಿಲ್ಲದ ಮಾತ್ರೆ, ನಿಮ್ಮ ಈಗಿನ ಚಿಕಿತ್ಸೆಯ ಜೊತೆಗೆ ಬರುತ್ತದೆಯೋ ಅದರ ಬದಲಿಗೆ ಬರುತ್ತದೆಯೋ ಎಂದು ಕೇಳಿ. ಬದಲಿಗೆ ಬರುವುದಾದರೆ ಸಕ್ಕರೆ ಯಾವ ಮಟ್ಟ ದಾಟಿದಾಗ ಬೇರೆ ಔಷಧ ಸೇರಿಸುತ್ತಾರೆ ಎಂಬ ನಿಯಮ ಪ್ರೋಟೊಕಾಲ್‌ನಲ್ಲಿ ಇರಲೇಬೇಕು. ಆ ಅಂಕಿಯನ್ನು ಬರೆದುಕೊಳ್ಳಿ. ಕೆಲವು ಅಧ್ಯಯನಗಳಲ್ಲಿ ಆರಂಭಕ್ಕೆ ಮುನ್ನ ಹಳೆಯ ಔಷಧವನ್ನು ಕೆಲವು ವಾರ ನಿಲ್ಲಿಸುತ್ತಾರೆ. ಆ ಅವಧಿಯಲ್ಲಿ ಸಕ್ಕರೆ ಏರುವುದು ಸಹಜವಾದ್ದರಿಂದ ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆಂಬುದು ಸ್ಪಷ್ಟವಾಗಿರಲಿ. ಟೈಪ್ 1 ಮಧುಮೇಹದವರು ಇನ್ಸುಲಿನ್ ನಿಲ್ಲಿಸುವಂಥ ಸಲಹೆಯನ್ನು ಯಾರಿಂದಲೂ ಒಪ್ಪಬಾರದು.

ಇನ್ನು ಉಳಿದವು: ಅಧ್ಯಯನದಿಂದಾದ ಹಾನಿಗೆ ಚಿಕಿತ್ಸೆ ಮತ್ತು ಪರಿಹಾರದ ಹೊಣೆ ಯಾರದು, ನಡುರಾತ್ರಿ ಕರೆ ಮಾಡಬೇಕಾದ ಸಂಖ್ಯೆ ಯಾವುದು, ತೆಗೆದಿಟ್ಟ ರಕ್ತದ ಮಾದರಿಯನ್ನು ಮುಂದೆ ವಂಶವಾಹಿ ಪರೀಕ್ಷೆಗೆ ಬಳಸುತ್ತಾರೆಯೇ, ಗರ್ಭ ಧರಿಸಿದರೆ ಏನು ಮಾಡಬೇಕು, ಪ್ರಯಾಣದ ವೆಚ್ಚ ಯಾರು ಭರಿಸುತ್ತಾರೆ. ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟ ನೀತಿ ಸಮಿತಿಯ ಸಂಪರ್ಕವೂ ಪತ್ರದಲ್ಲಿರುತ್ತದೆ. ಸಂಶೋಧಕರಿಗೆ ಹೇಳಲು ಸಂಕೋಚವಾಗುವ ದೂರನ್ನು ಅವರಿಗೆ ಹೇಳಬಹುದು.

5. ಸೇರಿದ ಮೇಲಿನ ದಿನಗಳು

ಡೈರಿ ತುಂಬುವ ಕೆಲಸ ಬೇಸರ ತರುವಂಥದ್ದು, ಆದ್ದರಿಂದಲೇ ಅದರಲ್ಲಿ ಸುಳ್ಳು ನುಸುಳುತ್ತದೆ. ತಪ್ಪಿದ ಮಾತ್ರೆಯನ್ನು ತಪ್ಪಿತೆಂದೇ ಬರೆಯಿರಿ. ವೈದ್ಯರ ಮುಂದೆ ಒಳ್ಳೆಯ ರೋಗಿಯೆನಿಸಿಕೊಳ್ಳಲು ಎಲ್ಲ ದಿನವೂ ಗುರುತು ಹಾಕಿದರೆ, ಕೆಲಸ ಮಾಡಿದ ಔಷಧ ಕೆಲಸ ಮಾಡದಂತೆಯೂ ಸುರಕ್ಷಿತವಲ್ಲದ ಪ್ರಮಾಣ ಸುರಕ್ಷಿತವಾದಂತೆಯೂ ಕಾಣುತ್ತದೆ. ಅಡ್ಡಪರಿಣಾಮದ ವಿಷಯದಲ್ಲೂ ಅಷ್ಟೇ. ಔಷಧಕ್ಕೆ ಸಂಬಂಧವಿಲ್ಲವೆಂದು ನಿಮಗೆ ಅನ್ನಿಸಿದ್ದನ್ನೂ ಹೇಳಿ, ಸಂಬಂಧವಿದೆಯೇ ಎಂದು ತೀರ್ಮಾನಿಸುವುದು ಅವರ ಕೆಲಸ.

ಸಕ್ಕರೆ ಕುಸಿತದ ನಿಯಮವನ್ನು ಮನೆಯವರೆಲ್ಲ ಬಾಯಿಪಾಠ ಮಾಡಿರಬೇಕು. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ ತೆಗೆದುಕೊಳ್ಳಬೇಕು. 54ಕ್ಕಿಂತ ಇಳಿದದ್ದನ್ನು ಸಂಶೋಧನಾ ತಂಡಕ್ಕೆ ತಪ್ಪದೆ ತಿಳಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಅವರಿಗೆ ಬೇಕಾದದ್ದು ಸಕ್ಕರೆ ಏರಿಸುವ ಹಾರ್ಮೋನಾದ ಗ್ಲುಕಗಾನ್ ಮತ್ತು ತುರ್ತು ಚಿಕಿತ್ಸೆ. ರಕ್ತದೊತ್ತಡಕ್ಕೋ ಹೃದಯಕ್ಕೋ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಎದೆಬಡಿತ, ನಡುಕದಂಥ ಎಚ್ಚರಿಕೆಗಳು ಮಂಕಾಗಬಹುದು. ಬೆವರು ಮಾತ್ರ ಸಾಮಾನ್ಯವಾಗಿ ಬರುತ್ತದೆ. ಕಾರಣವಿಲ್ಲದ ಬೆವರನ್ನು ಅಂಥವರು ಕಡೆಗಣಿಸಬಾರದು.

ಜ್ವರ, ವಾಂತಿಯ ದಿನಗಳಿಗೆ ಪ್ರತ್ಯೇಕ ಸೂಚನೆಯನ್ನು ಮೊದಲೇ ಬರೆಸಿಕೊಳ್ಳಿ. ಊಟ ಸೇರದಿದ್ದರೂ ಟೈಪ್ 1ರವರಿಗೆ ದಿನವಿಡೀ ಕೆಲಸ ಮಾಡುವ ಮೂಲ ಇನ್ಸುಲಿನ್ ಬೇಕು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುವ ಎಸ್‌ಜಿಎಲ್‌ಟಿ2 ವರ್ಗದ ಔಷಧಗಳಲ್ಲಿ ವಿಚಿತ್ರವಾದ ಒಂದು ಅಪಾಯವಿದೆ: ಸಕ್ಕರೆಯ ಅಂಕಿ ಹೆಚ್ಚೇನೂ ಇಲ್ಲದೆಯೇ ರಕ್ತದಲ್ಲಿ ಕೀಟೋನ್ ಆಮ್ಲಗಳು ಸೇರಿ ಜೀವಕ್ಕೆ ಕುತ್ತು ತರಬಹುದು. ಆದ್ದರಿಂದ ಊಟ ನಿಂತ ಕಾಯಿಲೆಯಲ್ಲಿ ಅವನ್ನು ನಿಲ್ಲಿಸುವಂತೆಯೂ ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮುಂಚೆ ಬಿಡುವಂತೆಯೂ ಹೇಳುತ್ತಾರೆ. ನೀವು ತೆಗೆದುಕೊಳ್ಳುತ್ತಿರುವುದು ಆ ಔಷಧವೋ ಪ್ಲಸೀಬೊವೋ ಗೊತ್ತಿಲ್ಲದಿರುವಾಗ ಔಷಧವೇ ಎಂದು ಭಾವಿಸಿ ನಡೆದುಕೊಳ್ಳಿ. ತುರ್ತು ಪರಿಸ್ಥಿತಿಯಲ್ಲಿ ನೀವು ಪಡೆಯುತ್ತಿರುವುದೇನೆಂಬ ಗುಟ್ಟನ್ನು ಬಿಡಿಸಿ ಹೇಳುವ ವ್ಯವಸ್ಥೆ ಇರುತ್ತದೆ. ಅದಕ್ಕಾಗಿ ಕೊಟ್ಟ ಕಾರ್ಡ್ ಸದಾ ಜೇಬಿನಲ್ಲಿರಲಿ.

ಕಾರ್ಟಿಸಾಲ್ ಹಾರ್ಮೋನ್ ತಯಾರಿಸುವ ಅಡ್ರಿನಲ್ ಗ್ರಂಥಿ ಸೋತವರ ಸ್ಥಿತಿ ಇದಕ್ಕಿಂತ ನಾಜೂಕು. ಅವರು ಆ ಹಾರ್ಮೋನಿನ ಬದಲಿಗೆ ತೆಗೆದುಕೊಳ್ಳುವ ಹೈಡ್ರೊಕಾರ್ಟಿಸೋನ್ ಅನ್ನು ಒಂದು ದಿನವೂ ತಪ್ಪಿಸುವಂತಿಲ್ಲ; ಜ್ವರ ಬಂದಾಗ ವೈದ್ಯರು ಮೊದಲೇ ಹೇಳಿರುವಂತೆ ಪ್ರಮಾಣವನ್ನು ಎರಡು ಮೂರು ಪಟ್ಟು ಏರಿಸಬೇಕು; ವಾಂತಿಯಾಗಿ ಮಾತ್ರೆ ಉಳಿಯದಿದ್ದರೆ ಇಂಜೆಕ್ಷನ್ ಬೇಕು, ತಡಮಾಡುವ ಹಾಗಿಲ್ಲ. ಮುಂದಿನ ಭೇಟಿಯವರೆಗೆ ಪ್ರಮಾಣ ಬದಲಿಸಬಾರದೆಂದು ಅಧ್ಯಯನದ ಯಾವ ಸಾಲು ಹೇಳಿದರೂ ಇಲ್ಲಿ ಅದು ಲೆಕ್ಕಕ್ಕಿಲ್ಲ. ಥೈರಾಯ್ಡ್‌ಗೆ ಲಿವೋಥೈರಾಕ್ಸಿನ್ ತೆಗೆದುಕೊಳ್ಳುವವರಿಗೆ ಇಷ್ಟು ಅವಸರವಿಲ್ಲ. ಖಾಲಿ ಹೊಟ್ಟೆಯಲ್ಲಿ ಸೇವಿಸಿ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಂದ 4 ಗಂಟೆ ದೂರವಿಟ್ಟು, ಪ್ರಮಾಣ ಬದಲಾದ 6–8 ವಾರಕ್ಕೆ ಟಿಎಸ್‌ಎಚ್ ನೋಡಿಸಿದರೆ ಆಯಿತು.

6. ನಿತ್ಯದ ಚಿಕಿತ್ಸೆಯನ್ನು ಕೈಬಿಡಬೇಡಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ತಿಂಗಳಿಗೊಮ್ಮೆ ಯಾರೋ ರಕ್ತ ತೆಗೆಯುತ್ತಾರೆ, ತೂಕ ನೋಡುತ್ತಾರೆ, ಫೋನ್ ಮಾಡಿ ವಿಚಾರಿಸುತ್ತಾರೆ. ಹೀಗಿರುವಾಗ ತನ್ನ ಪೂರ್ತಿ ಆರೋಗ್ಯವನ್ನು ಅವರು ನೋಡಿಕೊಳ್ಳುತ್ತಿದ್ದಾರೆಂದು ರೋಗಿಗೆ ಅನ್ನಿಸುವುದು ಸಹಜ. ಆದರೆ ತೂಕದ ಔಷಧವನ್ನು ಪರೀಕ್ಷಿಸುವ ಅಧ್ಯಯನ ನಿಮ್ಮ ಪಾದವನ್ನು ನೋಡಬೇಕೆಂದಿಲ್ಲ. ವರ್ಷಕ್ಕೊಮ್ಮೆ ಅಕ್ಷಿಪಟಲ, ಮೂತ್ರದ ಆಲ್ಬುಮಿನ್, ಮೂತ್ರಪಿಂಡ, ಪಾದಗಳ ಸ್ಪರ್ಶಜ್ಞಾನ, ಇವುಗಳ ತಪಾಸಣೆ ನಿಮ್ಮ ವೈದ್ಯರ ಬಳಿ ಎಂದಿನಂತೆ ನಡೆಯಲಿ. ನೀವು ಅಧ್ಯಯನದಲ್ಲಿರುವುದು ಅವರಿಗೂ, ಅವರು ಬರೆದ ಹೊಸ ಔಷಧ ಸಂಶೋಧನಾ ತಂಡಕ್ಕೂ ತಿಳಿದಿರಬೇಕು. ನೆಗಡಿ, ಕೆಮ್ಮು, ಕೀಲುನೋವಿಗೆ ಬೇರೆ ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆಯಿಂದ ಸಕ್ಕರೆ ಏರಿ, ಅದರ ದೂಷಣೆ ಅಧ್ಯಯನದ ಔಷಧದ ತಲೆಗೆ ಕಟ್ಟುವಂತಾಗಬಾರದು.

7. ಹೊರಬರುವಾಗ, ಮತ್ತು ಫಲಿತಾಂಶ ಬಂದಾಗ

ಮಧ್ಯದಲ್ಲಿ ಬಿಡುವುದಾದರೂ ಕೊನೆಯ ತಪಾಸಣೆಗೆ ಹೋಗಿ; ಅದು ನಿಮ್ಮ ಸುರಕ್ಷತೆಗಾಗಿ ಇರುವಂಥದ್ದು. ಅಧ್ಯಯನ ಮುಗಿದ ಮೇಲೆ ಔಷಧ ಮುಂದುವರಿದು ಸಿಗುತ್ತದೆಯೇ ಎಂಬುದನ್ನು ಸೇರುವಾಗಲೇ ಕೇಳಿರಬೇಕು, ಏಕೆಂದರೆ ಹಲವು ಬಾರಿ ಸಿಗುವುದಿಲ್ಲ. ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲೂಟೈಡ್‌ನಂಥ ಔಷಧ ಕೊನೆಯ ಡೋಸ್ ಆದ ಮೇಲೂ ಸುಮಾರು 5 ವಾರ ದೇಹದಲ್ಲಿ ಉಳಿಯುತ್ತದೆ. ಅದು ನಿಧಾನವಾಗಿ ಇಳಿದಂತೆ ಹಸಿವೂ ಸಕ್ಕರೆಯೂ ಏರತೊಡಗುತ್ತವೆ. ಇನ್ಸುಲಿನ್ ಪ್ರಮಾಣವನ್ನು ಮತ್ತೆ ಹೊಂದಿಸಲು ನಿಮ್ಮ ವೈದ್ಯರಿಗೆ ಕೊನೆಯ ಡೋಸ್‌ನ ದಿನಾಂಕ ಬೇಕಾಗುತ್ತದೆ.

ಫಲಿತಾಂಶ ಪ್ರಕಟವಾಗಲು ಒಂದೆರಡು ವರ್ಷ ಹಿಡಿಯಬಹುದು. ಪತ್ರಿಕೆಗಳಲ್ಲಿ ಬರುವ ಶೇಕಡಾವಾರು ಅಂಕಿಯನ್ನು ಓದುವಾಗ ಅದು ಯಾವುದರ ಶೇಕಡಾ ಎಂದು ಕೇಳಿಕೊಳ್ಳಿ. 2015ರಲ್ಲಿ ಹೊರಬಂದ, ಎಸ್‌ಜಿಎಲ್‌ಟಿ2 ವರ್ಗದ ಔಷಧವಾದ ಎಂಪಾಗ್ಲಿಫ್ಲೋಜಿನ್‌ನ ಅಧ್ಯಯನದಲ್ಲಿ ಟೈಪ್ 2 ಮಧುಮೇಹದ ಜೊತೆಗೆ ಹೃದಯ ಅಥವಾ ರಕ್ತನಾಳದ ಕಾಯಿಲೆಯೂ ಇದ್ದ 7,020 ಜನರಿದ್ದರು. ಹೃದಯ ಮತ್ತು ರಕ್ತನಾಳದ ಕಾರಣದಿಂದಾದ ಸಾವು ಶೇ 38ರಷ್ಟು ಇಳಿಯಿತು ಎಂಬುದು ಸುದ್ದಿಯ ತಲೆಬರಹವಾಯಿತು. ಅದು ನಿಜವೇ. ಅದೇ ನಿಜವನ್ನು ಹೀಗೂ ಹೇಳಬಹುದು: ಸುಮಾರು 3 ವರ್ಷದಲ್ಲಿ ಪ್ಲಸೀಬೊ ಪಡೆದ 100 ಮಂದಿಯಲ್ಲಿ ಹತ್ತಿರ ಹತ್ತಿರ 6 ಜನ, ಔಷಧ ಪಡೆದ 100 ಮಂದಿಯಲ್ಲಿ 4ಕ್ಕಿಂತ ತುಸು ಕಡಿಮೆ ಜನ ಆ ಕಾರಣಕ್ಕೆ ಸತ್ತರು. ಅಂದರೆ ಒಂದು ಸಾವನ್ನು ತಪ್ಪಿಸಲು ಸುಮಾರು 45 ಮಂದಿ 3 ವರ್ಷ ಆ ಔಷಧವನ್ನು ತೆಗೆದುಕೊಳ್ಳಬೇಕಾಯಿತು. ಮಧುಮೇಹದ ಚಿಕಿತ್ಸೆಯ ಮಟ್ಟಿಗೆ ಇದು ದೊಡ್ಡ ಲಾಭವೇ ಸರಿ. ಆದರೆ ಹೃದಯದ ಕಾಯಿಲೆಯಿಲ್ಲದ, ಸಾವಿನ ಅಪಾಯವೇ ಕಡಿಮೆಯಿರುವ ನಲವತ್ತರ ರೋಗಿಯೊಬ್ಬರಿಗೆ ಅದೇ ಶೇ 38 ಇಷ್ಟೇ ತೂಕದ ಮಾತಾಗಲಾರದು. ನಿಮ್ಮ ಅಧ್ಯಯನದ ಫಲಿತಾಂಶ ಕೈಗೆ ಬಂದಾಗ ಎರಡೂ ಗುಂಪುಗಳಲ್ಲಿ ನೂರಕ್ಕೆ ಎಷ್ಟು ಜನರಿಗೆ ಏನಾಯಿತು, ಎಷ್ಟು ವರ್ಷದಲ್ಲಿ ಆಯಿತು ಎಂಬ ಎರಡು ಅಂಕಿಗಳನ್ನು ಸಂಶೋಧಕರಿಂದ ಕೇಳಿ ಪಡೆದುಕೊಂಡು, ಅವನ್ನು ನಿಮ್ಮ ವೈದ್ಯರ ಮುಂದಿಟ್ಟು, ನಿಮ್ಮ ವಯಸ್ಸಿಗೂ ನಿಮ್ಮ ಮೂತ್ರಪಿಂಡ, ಹೃದಯಗಳ ಸ್ಥಿತಿಗೂ ಆ ಔಷಧ ಹೊಂದುತ್ತದೆಯೇ ಎಂದು ಮಾತಾಡಿ.